ಪೇಟೆ ನಡುವಿನ ಹೊಳೆಗೆ ಸಾಲ್ಮನ್ ಹತ್ತುವಾಗ

ಅಲಾಸ್ಕಾದ ಆಂಕರೇಜ್ ಪೇಟೆಯಲ್ಲಿ ದೊಡ್ಡ ಹೋಟೆಲುಗಳ ಸಾಲು ದಾಟಿ ಇಳಿಜಾರಿನಲ್ಲಿ ಸ್ವಲ್ಪ ನಡೆದರೆ ಶಿಪ್ ಕ್ರೀಕ್ ಎಂಬ ಹೊಳೆ ಸಿಗುತ್ತದೆ. ಪಕ್ಕದಲ್ಲೇ ರೈಲ್ವೆ ಯಾರ್ಡು, ಗೋದಾಮುಗಳು, ಲಾರಿ ಓಡಾಡುವ ಸೇತುವೆ. ಜೂನ್ ತಿಂಗಳಲ್ಲಿ ಆ ಹೊಳೆಗೆ 20 ಪೌಂಡ್ ಆಸುಪಾಸು ತೂಗುವ ಕಿಂಗ್ ಸಾಲ್ಮನ್ ಎಂಬ ಮೀನು ಮೊಟ್ಟೆಯಿಡಲು ಸಮುದ್ರದಿಂದ ಹತ್ತಿ ಬರುತ್ತದೆ. ಆಫೀಸು ಬಿಟ್ಟವರು ನೆಟ್ಟಗೆ ಅಲ್ಲಿಗೆ ಹೋಗಿ ಗಾಳ ಹಾಕುತ್ತಾರೆ. ಇದನ್ನು ಕೇಳಿದಾಗಿನಿಂದ ಅಪ್ಪಯ್ಯನನ್ನು ಅಲ್ಲಿಗೊಮ್ಮೆ ಕರೆದುಕೊಂಡು ಹೋಗಬೇಕೆಂದು ನನಗೆ ಆಸೆಯಿತ್ತು.

ಅಪ್ಪಯ್ಯ ತೀರ್ಥಹಳ್ಳಿ ಕಡೆಯವರು. ಮೇಷ್ಟ್ರಾಗಿದ್ದು ನಿವೃತ್ತರಾದವರು, ಹೊಳೆ ದಂಡೆಯಲ್ಲೇ ಬೆಳೆದವರು. ಮುಂಗಾರಿನ ಮೊದಲ ದೊಡ್ಡ ಮಳೆಗೆ ಹೊಳೆಯ ಮೀನು ಮೊಟ್ಟೆಯಿಡಲು ಹಳ್ಳ ಹಿಡಿದು ಗದ್ದೆಗೆ ಏರುತ್ತದಲ್ಲ, ಅದಕ್ಕೆ ನಮ್ಮಲ್ಲಿ ಹತ್ತುಮೀನು ಎನ್ನುತ್ತಾರೆ. ಆ ರಾತ್ರಿ ಟಾರ್ಚು, ಕತ್ತಿ, ಬಿದಿರಿನ ಕೂಣಿ ಹಿಡಿದು ನೀರಿಗಿಳಿಯದ ಮನೆಗಳು ಕಡಿಮೆ. ಈ ಸಲ ಅಪ್ಪಯ್ಯ, ಅಮ್ಮ ಸಿಯಾಟಲ್ ಹತ್ತಿರದ ನಮ್ಮ ಮನೆಗೆ ಬಂದಿದ್ದರು. ಮೊಮ್ಮಗನ ಜೊತೆ ಅಮ್ಮ ಉಳಿದರು, ನಾವಿಬ್ಬರು ಹೊರಟೆವು. ಸಿಯಾಟಲ್‌ನಿಂದ ವಿಮಾನದಲ್ಲಿ ಮೂರೂವರೆ ಗಂಟೆಯ ದಾರಿ. ಲೈಸೆನ್ಸನ್ನು ಅಲಾಸ್ಕಾ ಮೀನುಗಾರಿಕೆ ಇಲಾಖೆಯ ಜಾಲತಾಣದಲ್ಲೇ ಕೊಂಡೆವು. ಹೊರಗಿನಿಂದ ಬಂದವರಿಗೆ ಒಂದು ದಿನ, ಮೂರು ದಿನ, ಒಂದು ವಾರ ಹೀಗೆ ಬೇರೆ ಬೇರೆ ಅವಧಿಯದು ಸಿಗುತ್ತದೆ. ಕಿಂಗ್ ಹಿಡಿಯಬೇಕೆಂದರೆ ಅದರ ಮೇಲೆ ಕಿಂಗ್ ಸ್ಟ್ಯಾಂಪ್ ಬೇರೆ ತೆಗೆದುಕೊಳ್ಳಬೇಕು.

ಶುಕ್ರವಾರ: ಶಿಪ್ ಕ್ರೀಕ್

ಬಾಡಿಗೆ ಮನೆಯಲ್ಲಿ ಚೀಲ ಇಟ್ಟು, ಕಾಫಿ ಕುಡಿದು, ಸಂಜೆ ಆರರ ಹೊತ್ತಿಗೆ ಹೊಳೆ ಹತ್ತಿರ ಇದ್ದೆವು. ಸಂಜೆ ಎಂದು ಗಡಿಯಾರ ಹೇಳುತ್ತಿತ್ತು ಅಷ್ಟೆ. ಜೂನ್ ನಡುವಿನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ 11:40ರ ಸುಮಾರಿಗೆ, ಆಮೇಲೂ ಪೂರ್ತಿ ಕತ್ತಲಾಗುವುದಿಲ್ಲ.

ಈ ಊರು ಹುಟ್ಟಿದ್ದೇ ಈ ಹೊಳೆಯ ಬಾಯಲ್ಲಿ. 1915ರಲ್ಲಿ ಅಲಾಸ್ಕಾ ರೈಲುಮಾರ್ಗ ಹಾಕಲು ಬಂದವರು ಇಲ್ಲೇ ಡೇರೆ ಹೊಡೆದರು. ಅದಕ್ಕೂ ಮೊದಲು ಎಷ್ಟೋ ತಲೆಮಾರುಗಳಿಂದ ಡೆನೈನಾ ಎಂಬ ಮೂಲನಿವಾಸಿ ಜನ ಇಲ್ಲಿ ಮೀನು ಹಿಡಿಯುತ್ತಿದ್ದರು. ಈಗ ಎರಡೂ ದಡದಲ್ಲಿ ಭುಜಕ್ಕೆ ಭುಜ ತಾಗುವಷ್ಟು ಜನ ನಿಂತಿದ್ದರು: ಇಸ್ತ್ರಿ ಶರ್ಟಿನ ಮೇಲೆಯೇ ವೇಡರ್ಸ್ ಏರಿಸಿಕೊಂಡವರು, ಕೂಸನ್ನು ಬೆನ್ನಿಗೆ ಕಟ್ಟಿಕೊಂಡ ತಾಯಿ, ಸೈನಿಕರು, ಶಾಲೆ ಹುಡುಗರು. ವೇಡರ್ಸ್ ಎಂದರೆ ಬೂಟಿನಿಂದ ಎದೆಯವರೆಗೆ ಒಂದೇ ತುಂಡಾಗಿರುವ, ನೀರು ಒಳಬಿಡದ ದಿರಿಸು. ರಾಡು, ರೀಲು, ವೇಡರ್ಸ್ ಎಲ್ಲ ಹೊಳೆ ಬದಿಯಲ್ಲೇ ಬಾಡಿಗೆಗೆ ಸಿಗುತ್ತವೆ. ಮನೆಯಿಂದ ಒಯ್ಯುವವರು ಬೂಟಿನ ಅಡಿಭಾಗ ನೋಡಿಕೊಳ್ಳಬೇಕು. ಉಣ್ಣೆಯ ಫೆಲ್ಟ್ ತಳದ ಬೂಟನ್ನು ಅಲಾಸ್ಕಾದ ಸಿಹಿನೀರಿನಲ್ಲಿ 2012ರಿಂದ ನಿಷೇಧಿಸಿದ್ದಾರೆ, ಒಂದು ಹೊಳೆಯ ರೋಗ, ಪಾಚಿ ಇನ್ನೊಂದಕ್ಕೆ ಅಂಟಿಕೊಂಡು ಹೋಗುತ್ತದೆಂದು.

ಬಾಡಿಗೆ ಅಂಗಡಿಯ ಹುಡುಗ ರಾಡು ಕೊಡುವ ಮೊದಲು ಉಬ್ಬರದ ಪಟ್ಟಿ ಕೈಗಿಟ್ಟ. ಹೊಳೆ ಸೇರುವ ಸಮುದ್ರದ ಚಾಚಾದ ಕುಕ್ ಇನ್ಲೆಟ್‌ನಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವೆ ಒಂಬತ್ತು ಮೀಟರಿಗೂ ಹೆಚ್ಚು ವ್ಯತ್ಯಾಸ ಬರುವ ದಿನಗಳಿವೆ. ಸಮುದ್ರ ಏರುವಾಗ ಮೀನೂ ಅದರ ಜೊತೆಗೇ ಒಳಬರುತ್ತದೆ. ಹಾಗಾಗಿ ಉಬ್ಬರ ತುಂಬುವ ಎರಡು ಗಂಟೆ ಮೊದಲಿನಿಂದ ಎರಡು ಗಂಟೆ ಆದಮೇಲಿನವರೆಗೆ ನಿಂತರೆ ಸಾಕು, ಉಳಿದ ಹೊತ್ತು ಊರು ನೋಡಿ ಎಂದ. ಇನ್ನೊಂದು ಮಾತನ್ನು ಒತ್ತಿ ಹೇಳಿದ: ಹೊಳೆಯ ಬಾಯಿಯ ಬೂದುಬಣ್ಣದ ಕೆಸರಿಗೆ ಕಾಲಿಡಬೇಡಿ. ಹಿಮನದಿಗಳು ಕಲ್ಲು ಅರೆದು ಬಿಟ್ಟ ನುಣುಪು ಹಿಟ್ಟು ಅದು. ಮೇಲೆ ಗಟ್ಟಿ ಕಾಣುತ್ತದೆ, ಕಾಲು ಹೂತ ಮೇಲೆ ಗಾರೆಯಂತೆ ಬಿಗಿದುಕೊಳ್ಳುತ್ತದೆ, ಅತ್ತ ಕಡೆಯಿಂದ ಉಬ್ಬರ ಏರಿ ಬರುತ್ತಿರುತ್ತದೆ. ಅಗ್ನಿಶಾಮಕದವರು ಬಂದು ಬಿಡಿಸಿದ ಉದಾಹರಣೆಗಳಿವೆಯಂತೆ.

ನಮ್ಮ ಪಕ್ಕದಲ್ಲಿ ಎಪ್ಪತ್ತು ದಾಟಿದ ಫಿಲಿಪೀನ್ಸ್ ಮೂಲದ ಹಿರಿಯರೊಬ್ಬರು ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದರು. ಮೊಣಕಾಲ ನಡುವೆ ಒಂದು ಗಾಜಿನ ಭರಣಿ, ಅದರೊಳಗೆ ಉಪ್ಪು, ಸಕ್ಕರೆ, ಬೋರಾಕ್ಸ್ ಹಾಕಿ ಹದ ಮಾಡಿದ ಸಾಲ್ಮನ್ ಮೊಟ್ಟೆ, ಕೆಂಪು ಬಣ್ಣ ಕಟ್ಟಿದ್ದು. ಅಪ್ಪಯ್ಯ ಬಗ್ಗಿ ನೋಡುವುದನ್ನು ಕಂಡು ಅವರೇ ತೋರಿಸಿದರು. ಕೊಕ್ಕೆಯ ಕುತ್ತಿಗೆಗೆ ದಾರ ಸುತ್ತಿ ಸುತ್ತಿ ಬಿಗಿದು, ಮೇಲೆ ಒಂದು ಸಣ್ಣ ಕುಣಿಕೆ ಬಿಟ್ಟರು. ಭರಣಿಯಿಂದ ಹೆಬ್ಬೆರಳ ಗಾತ್ರದ ಮೊಟ್ಟೆಗೊಂಚಲನ್ನು ಕತ್ತರಿಯಲ್ಲಿ ಕತ್ತರಿಸಿ, ಪೊರೆ ಹರಿಯದಂತೆ ಕುಣಿಕೆಯೊಳಗೆ ತೂರಿಸಿ ದಾರ ಎಳೆದರು. ಒಂದು ಮೊಟ್ಟೆಯೂ ಒಡೆಯಲಿಲ್ಲ. ಬೆರಳ ತುದಿಗಳೆಲ್ಲ ಕೆಂಪಾಗಿದ್ದವು.

“ಇಷ್ಟು ಮೆತ್ತಗಿನದು ನೀರಿನ ರಭಸಕ್ಕೆ ನಿಲ್ತದಾ?” ಎಂದು ಅಪ್ಪಯ್ಯ ಇಂಗ್ಲಿಷಿನಲ್ಲಿ ಕೇಳಿದರು. “ಹದ ಸರಿಯಿದ್ದರೆ ನಿಲ್ಲುತ್ತದೆ, ಅದಕ್ಕೇ ಹದ ಮಾಡುವುದು” ಎಂದರು ಅವರು. ಹೊಳೆಗೆ ಹತ್ತಿದ ಮೇಲೆ ಸಾಲ್ಮನ್ ಹೊಟ್ಟೆಗೆಂದು ತಿನ್ನುವುದಿಲ್ಲ. ಸಿಟ್ಟಿಗೋ, ಹಳೆಯ ರೂಢಿಗೋ ಬಾಯಿ ಹಾಕುತ್ತದೆ. ಬೆಂಡು ಒಂದು ಕ್ಷಣ ತಡವರಿಸಿದರೂ ಸಾಕು, ಎಳೆಯಬೇಕು ಎಂದು ಹೇಳಿಕೊಟ್ಟರು.

ಒಂಬತ್ತರ ಸುಮಾರಿಗೆ ಎದುರು ದಡದಲ್ಲಿ ಕೂಗು ಎದ್ದಿತು. ಹೆಂಗಸೊಬ್ಬರ ರಾಡು ಬಾಗಿ ನೀರಿಗೆ ಮುಟ್ಟುವಂತಿತ್ತು. ಆ ಕೂಗಿಗೆ ಅಕ್ಕಪಕ್ಕದವರೆಲ್ಲ ತಮ್ಮ ತಮ್ಮ ಗಾಳ ಸುತ್ತಿಕೊಂಡು ಹಿಂದೆ ಸರಿದರು. ಅಲ್ಲಿ ಅದು ಯಾರೂ ಮೀರದ ಮರ್ಯಾದೆ, ಇಲ್ಲವಾದರೆ ಹತ್ತು ದಾರ ಒಂದಕ್ಕೊಂದು ತೊಡಕುತ್ತವೆ. ಗುರುತಿಲ್ಲದ ಯಾರೋ ಕೈಬಲೆ ಹಿಡಿದು ನೀರಿಗೆ ಹಾರಿದರು. ಮೀನು ದಡಕ್ಕೆ ಬಂದಾಗ ನಾವು ಸೇತುವೆ ದಾಟಿ ಓಡಿದೆವು. ಬೆಳ್ಳಿಯ ಮೈ, ಬೆನ್ನಿನ ಮೇಲೂ ಬಾಲದ ಎರಡೂ ಕವಲಿನ ಮೇಲೂ ಕಪ್ಪು ಚುಕ್ಕೆ, ಬಾಯಿ ತೆರೆದರೆ ವಸಡು ಕಪ್ಪು. ಕಿಂಗ್ ಎಂದು ಗುರುತಿಸುವುದೇ ಆ ವಸಡಿನಿಂದ. ಅಷ್ಟು ದೊಡ್ಡ ಮೀನು ಹಿಡಿದಾಕೆ ಮೊದಲು ಮಾಡಿದ್ದು ಫೋಟೋ ತೆಗೆಸಿಕೊಳ್ಳುವುದಲ್ಲ. ಜೇಬಿನಿಂದ ಲೈಸೆನ್ಸ್ ತೆಗೆದು, ಪೆನ್ನಿನಲ್ಲಿ ದಿನಾಂಕ, ಹೊಳೆಯ ಹೆಸರು ಬರೆದರು. ಕಿಂಗ್ ಹಿಡಿದರೆ ಅಲ್ಲೇ, ಆಗಲೇ, ಶಾಯಿಯಲ್ಲಿ ಬರೆಯಬೇಕು. ಅದು ಕಾನೂನು.

“ನೋಡಿದ್ಯೇನೇ, ಯಾರೂ ಕೇಳಕ್ಕೆ ಬರ್ಲಿಲ್ಲ, ತಾನೇ ಬರ್ಕಂಡ್ಲು” ಎಂದರು ಅಪ್ಪಯ್ಯ. ಮೇಷ್ಟ್ರ ಮನಸ್ಸಿಗೆ ಮೀನಿಗಿಂತ ಅದು ಹೆಚ್ಚು ಹಿಡಿಸಿತ್ತು.

ರಾತ್ರಿ 11ಕ್ಕೆ ಸರಿಯಾಗಿ ಎಲ್ಲರೂ ಗಾಳ ಎತ್ತಿದರು. ಕಿಂಗ್ ಹತ್ತುವ ಕಾಲದಲ್ಲಿ ಶಿಪ್ ಕ್ರೀಕ್‌ನಲ್ಲಿ ಬೆಳಿಗ್ಗೆ 6ರಿಂದ ರಾತ್ರಿ 11ರವರೆಗೆ ಮಾತ್ರ ಮೀನು ಹಿಡಿಯಬಹುದು. ಬಿಸಿಲು ಇನ್ನೂ ರೈಲು ಡಬ್ಬಿಗಳ ಮೇಲೆ ಬಿದ್ದಿತ್ತು, ನೀರಿನಲ್ಲಿ ಮೀನಿನ ಬೆನ್ನು ಕಾಣುತ್ತಿತ್ತು, ಆದರೂ ಒಬ್ಬರೂ ಇನ್ನೊಂದು ಸಲ ಎಂದು ಬೀಸಲಿಲ್ಲ.

ಶನಿವಾರ: ಕೆರೆಯ ಟ್ರೌಟ್, ತಲೆಯ ಸಾರು

ಬೆಳಿಗ್ಗೆ ಇಳಿತ. ಹಾಗಾಗಿ ಊರ ಪಶ್ಚಿಮಕ್ಕಿರುವ ಜ್ಯುವೆಲ್ ಲೇಕ್‌ಗೆ ಹೋದೆವು. ಆಂಕರೇಜ್ ಊರೊಳಗಿನ ಹಲವಾರು ಕೆರೆಗಳಿಗೆ ಇಲಾಖೆಯವರು ರೇನ್‌ಬೋ ಟ್ರೌಟ್ ಬಿಡುತ್ತಾರೆ. ಮಕ್ಕಳನ್ನು ಕರೆದುಕೊಂಡು ಬಂದವರಿಗೆ, ವಯಸ್ಸಾದವರಿಗೆ ಇದು ಬಹಳ ಒಳ್ಳೆಯ ಜಾಗ. ರಭಸವಿಲ್ಲ, ಕೆಸರಿಲ್ಲ, ವೇಡರ್ಸ್ ಬೇಕಿಲ್ಲ, ಸಣ್ಣ ರಾಡು ಸಾಕು. ಮೋಡ ಕವಿದು ಜಿನುಗುತ್ತಿತ್ತು, ಸ್ವೆಟರ್ ಮೇಲೆ ಮಳೆಕೋಟು ಹಾಕಿದರೂ ಕೈ ತಣ್ಣಗಾಗುತ್ತಿತ್ತು. ಕಾಟನ್‌ವುಡ್ ಮರಗಳು ಬೀಜ ಬಿಡುವ ಕಾಲ, ಬಿಳಿ ನಾರು ಗಾಳಿಯಲ್ಲಿ ತೇಲಿ ಬಂದು ಕೆರೆಯ ಮೇಲೆ ಕೂರುತ್ತಿತ್ತು. ಸೊಳ್ಳೆಗಳು ನಮ್ಮೂರಿನದಕ್ಕಿಂತ ದೊಡ್ಡವು. ಕಡಿಯುವುದು ನಿಧಾನ, ಆದರೆ ಬಿಡುವುದಿಲ್ಲ. ಮುಲಾಮು ಕಡ್ಡಾಯ.

ಅಂಗಡಿಯಲ್ಲಿ ಬಣ್ಣದ ಹಿಟ್ಟಿನಂಥ ಎರೆ ಮಾರುತ್ತಾರೆ. ಅಪ್ಪಯ್ಯ ಅದನ್ನು ಮೂಸಿ ನೋಡಿ ಪಕ್ಕಕ್ಕಿಟ್ಟರು. ಕೊನೆಗೆ ಬೇಯಿಸಿದ ಸಣ್ಣ ಸೀಗಡಿಯ ತುಂಡು ಸಿಕ್ಕಿಸಿ, ಬೆಂಡಿನ ಕೆಳಗೆ ಒಂದು ಮಾರು ದಾರ ಬಿಟ್ಟು ಎಸೆದರು. ಆಮೇಲೆ ರಾಡನ್ನು ನನ್ನ ಕೈಗೆ ಕೊಡಲೇ ಇಲ್ಲ. ಸಿಕ್ಕಿದ ಟ್ರೌಟ್ ಒಂದು ಗೇಣು ಉದ್ದ, ಕಿವಿರಿನಿಂದ ಬಾಲದವರೆಗೆ ಗುಲಾಬಿ ಪಟ್ಟಿ, ಮೈಯೆಲ್ಲ ಸಾಸಿವೆಯಷ್ಟು ಕಪ್ಪು ಚುಕ್ಕೆ. ತಲೆಯ ಮೇಲೆ ವಿಮಾನಗಳು ಇಳಿಯುತ್ತಲೇ ಇದ್ದವು, ಕೆರೆಯ ಮಕ್ಕಳು ಒಬ್ಬರೂ ತಲೆ ಎತ್ತುತ್ತಿರಲಿಲ್ಲ.

ಹಿಂದಿರುಗುವ ಕಾಲುದಾರಿಯಲ್ಲಿ ಮೂಸ್ ಎಂಬ ಭಾರೀ ಜಿಂಕೆಯೊಂದು ಕರುವಿನ ಜೊತೆ ಅಡ್ಡ ನಿಂತಿತ್ತು. ನಾಯಿ ಹಿಡಿದು ಬರುತ್ತಿದ್ದವರೊಬ್ಬರು ಕೈ ಎತ್ತಿ ನಮ್ಮನ್ನು ತಡೆದರು. ಜೂನ್‌ನಲ್ಲಿ ಈ ಊರಿನವರು ಕರಡಿಗಿಂತ ಹೆಚ್ಚು ಹೆದರುವುದು ಕರುವಿರುವ ಮೂಸ್‌ಗೆ, ಅದು ಎಚ್ಚರಿಕೆ ಕೊಡದೆ ನುಗ್ಗುತ್ತದೆ ಎಂದರು. ಅದು ಎಲೆ ಮೇಯ್ದು ತಾನಾಗಿ ಸರಿಯುವವರೆಗೆ ಎಲ್ಲರೂ ಮಳೆಯಲ್ಲೇ ಕಾದೆವು.

ಸಂಜೆಯ ಉಬ್ಬರಕ್ಕೆ ಮತ್ತೆ ಶಿಪ್ ಕ್ರೀಕ್. ನನ್ನ ಬೆಂಡು ತಡವರಿಸಿ ಮುಳುಗಿತು, ಎಳೆದೆ, ರೀಲು ಕಿರುಚಿಕೊಂಡು ದಾರ ಬಿಡತೊಡಗಿತು. ಮೀನು ಮೇಲಕ್ಕೆ ಹೋಗದೆ ಸಮುದ್ರದ ಕಡೆಗೇ ತಿರುಗಿ ಓಡಿತು. ಪಕ್ಕದವರೆಲ್ಲ ಗಾಳ ಎತ್ತಿ ದಾರಿ ಬಿಟ್ಟರು, ನಾನು ದಡದಲ್ಲೇ ಅದರ ಹಿಂದೆ ನಡೆದೆ. ಸೇತುವೆಯ ಕಂಬದ ಹತ್ತಿರ ಅದು ಒಮ್ಮೆ ಪೂರ್ತಿ ಮೇಲೆದ್ದು ಮೈ ತೋರಿಸಿತು. ದಾರ ಕಾಂಕ್ರೀಟಿಗೆ ಉಜ್ಜಿ ಕಡಿದುಹೋಯಿತು. ಮೊಣಕೈವರೆಗೆ ನಡುಕ ತುಂಬ ಹೊತ್ತು ನಿಲ್ಲಲಿಲ್ಲ.

ಫಿಲಿಪೀನ್ಸ್ ಹಿರಿಯರು ಅಂದು ಮೀನು ಹಿಡಿಯಲೇ ಇಲ್ಲ, ಆದರೂ ಅವರ ಡಬ್ಬಿ ತುಂಬಿತ್ತು. ಉಳಿದವರು ಮೀನು ಕೊಯ್ದು ಎಸೆಯುವ ತಲೆಗಳನ್ನು ಕೇಳಿ ಇಸಿದುಕೊಳ್ಳುತ್ತಾರೆ. ಹುಣಸೆ, ಟೊಮೆಟೊ, ಮೂಲಂಗಿ, ಸೊಪ್ಪು ಹಾಕಿ ತಲೆಯ ಹುಳಿಸಾರು ಮಾಡುವುದು ಅವರ ಮನೆಯ ರೂಢಿ. ಹುಣಸೆ ಎಂದ ಕೂಡಲೇ ಅಪ್ಪಯ್ಯನ ಮುಖ ಅರಳಿತು. ನಮ್ಮಲ್ಲೂ ಹುಣಸೆ ಇದೆ, ವಾಟೆಹುಳಿ ಎಂದು ಇನ್ನೊಂದಿದೆ, ಮೀನಿಗೆ ಅದು ಇನ್ನೂ ಚೆನ್ನ ಎಂದು ವಿವರಿಸಲು ಹೊರಟರು. ಹದ, ಕುದಿ, ಮುಳ್ಳು ಬಿಡಿಸುವುದು, ಕಣ್ಣಿನ ಸುತ್ತಲಿನ ಮಾಂಸ, ಹೀಗೆ ಅವರ ಮಾತು ಅರ್ಧ ಗಂಟೆ ನಡೆಯಿತು. ಹೊರಡುವಾಗ ಅವರು ಒಂದು ತಲೆಯನ್ನು ಚೀಲಕ್ಕೆ ಹಾಕಿ ಅಪ್ಪಯ್ಯನ ಕೈಗಿಟ್ಟರು. ಊರಿನಲ್ಲಿ ಏಷ್ಯಾದ ದಿನಸಿ ಅಂಗಡಿಗಳು ಬೇಕಾದಷ್ಟಿವೆ, ಹುಣಸೆ, ಕೊತ್ತಂಬರಿ, ತೆಂಗಿನಹಾಲು ಸಿಕ್ಕಿತು. ಆ ರಾತ್ರಿ ಮಧ್ಯರಾತ್ರಿಯ ಬೆಳಕಿನಲ್ಲಿ ಕೂತು ತಲೆಯ ಸಾರಿಗೆ ಬಿಸಿ ಅನ್ನ ಉಂಡೆವು. ಕೆನ್ನೆಯ ಮಾಂಸ ಬಾಯಲ್ಲಿ ಕರಗಿತು. ಆ ಊರಿನ ದುಬಾರಿ ಹೋಟೆಲುಗಳ ಯಾವ ತಟ್ಟೆಗೂ ನಾನು ಅದನ್ನು ಬಿಟ್ಟುಕೊಡುವುದಿಲ್ಲ.

ಭಾನುವಾರ: ದಕ್ಷಿಣದ ರಸ್ತೆ

ಆಂಕರೇಜ್‌ನಿಂದ ಕೂಪರ್ ಲ್ಯಾಂಡಿಂಗ್‌ಗೆ ಸುಮಾರು 100 ಮೈಲಿ. ಎರಡು ಗಂಟೆಯ ದಾರಿ ಎನ್ನುತ್ತಾರೆ, ಎರಡು ಗಂಟೆಯಲ್ಲಿ ಮುಗಿಸುವವರ ಬಗ್ಗೆ ನನಗೆ ಮರುಕ. ಊರು ಬಿಟ್ಟ ಕೂಡಲೇ ಎಡಕ್ಕೆ ಚುಗಾಚ್ ಬೆಟ್ಟಗಳ ಗೋಡೆ, ಬಲಕ್ಕೆ ಟರ್ನಗೇನ್ ಆರ್ಮ್ ಎಂಬ ಸಮುದ್ರದ ಚಾಚು, ನಡುವೆ ರಸ್ತೆ ಮತ್ತು ರೈಲುಹಳಿಗೆ ಆಗುವಷ್ಟೇ ಜಾಗ. ಹಗಲಲ್ಲೂ ದೀಪ ಹಾಕಿಕೊಂಡೇ ಓಡಿಸಬೇಕು. ರಸ್ತೆ ಬದಿ ಉದ್ದಕ್ಕೂ ನೇರಳೆ ಲೂಪಿನ್ ಹೂ. ಒಂದು ತಿರುವಿನಲ್ಲಿ ಬಿಳಿ ಡಾಲ್ ಕುರಿಗಳು ರಸ್ತೆಗೆ ಹತ್ತಿರವೇ ಬಂಡೆ ನೆಕ್ಕುತ್ತಿದ್ದವು.

ದಾರಿಯಲ್ಲಿ ಬರ್ಡ್ ಕ್ರೀಕ್ ಸಿಗುತ್ತದೆ. ಅಲ್ಲಿ ಪಿಂಕ್ ಸಾಲ್ಮನ್ ಹತ್ತುವುದು ಜುಲೈನಲ್ಲಿ, ಸಿಲ್ವರ್ ಆಗಸ್ಟ್‌ನಲ್ಲಿ. ಜೂನ್‌ನಲ್ಲಿ ನಿಲ್ಲುವುದು ನೋಟಕ್ಕೆ ಮಾತ್ರ. ಗರ್ಡ್‌ವುಡ್ ದಾಟಿದ ಮೇಲೆ ಬೂದು ಬಣ್ಣದ ಸತ್ತ ಮರಗಳು ಸಾಲಾಗಿ ನಿಂತಿವೆ. 1964ರ ಮಾರ್ಚ್ 27ರಂದು 9.2 ತೀವ್ರತೆಯ ಭೂಕಂಪವಾದಾಗ ಇಲ್ಲಿ ನೆಲವೇ ಕುಸಿಯಿತು, ಉಪ್ಪುನೀರು ಬೇರಿಗೆ ನುಗ್ಗಿತು, ಮರಗಳು ನಿಂತಲ್ಲೇ ಸತ್ತವು. ಆ ಉಪ್ಪೇ ಅವನ್ನು ಕೊಳೆಯದಂತೆ ಇಷ್ಟು ವರ್ಷ ಉಳಿಸಿದೆ.

ಘಟ್ಟ ಏರುವಾಗ ಮಳೆ ಜೋರಾಯಿತು, ಮೋಡ ರಸ್ತೆಗಿಳಿಯಿತು. “ಆಗುಂಬೆ ಬಂತಲ್ಲೇ” ಎಂದರು ಅಪ್ಪಯ್ಯ. ಗರ್ಡ್‌ವುಡ್‌ನಲ್ಲಿ ಪೆಟ್ರೋಲ್ ತುಂಬಿಸಿಕೊಂಡಿದ್ದು ಒಳ್ಳೆಯದಾಯಿತು, ಆಮೇಲೆ ಬಹಳ ದೂರ ಏನೂ ಇಲ್ಲ.

ಕೂಪರ್ ಲ್ಯಾಂಡಿಂಗ್ ಮುಟ್ಟಿದಾಗ ಮಳೆ ನಿಂತಿತ್ತು. ಕೆಳಗೆ ಕೀನೈ ನದಿ. ಆ ಹಸಿರುನೀಲಿ ಬಣ್ಣವನ್ನು ಫೋಟೋದಲ್ಲಿ ನೋಡಿದಾಗ ಯಾರೋ ತಿದ್ದಿದ್ದಾರೆ ಎಂದುಕೊಂಡಿದ್ದೆ, ನಿಜಕ್ಕೂ ಹಾಗೇ ಇದೆ. ಜಗತ್ತಿನಲ್ಲೇ ಗಾಳಕ್ಕೆ ಸಿಕ್ಕಿದ ಅತಿ ದೊಡ್ಡ ಕಿಂಗ್ ಸಾಲ್ಮನ್ ದಾಖಲೆ ಈ ನದಿಯದು: 1985ರ ಮೇ ತಿಂಗಳಲ್ಲಿ ಸಿಕ್ಕಿದ್ದು, 97 ಪೌಂಡ್ 4 ಔನ್ಸ್. ಅಂಥ ನದಿಯಲ್ಲಿ ಕಿಂಗ್ ಇಳಿಮುಖವಾಗಿ, 2023 ಮತ್ತು 2024ರಲ್ಲಿ ಕಿಂಗ್ ಹಿಡಿಯುವುದನ್ನೇ ಮುಚ್ಚಿಬಿಟ್ಟರು. ನಾವು ಉಳಿದುಕೊಂಡ ಮರದ ಮನೆಯ ಒಡತಿ ಇದನ್ನು ಹೇಳುವಾಗ ಧ್ವನಿ ತಗ್ಗಿಸಿದರು. ಅವರ ಸಂಪಾದನೆಯೇ ಬೇಸಿಗೆಯ ಗಾಳದವರಿಂದ. “ಮುಚ್ಚಿದ್ದು ಸರಿಯಾ?” ಎಂದು ಅಪ್ಪಯ್ಯ ಕೇಳಿದರು. “ಮೀನು ಇದ್ದರೆ ತಾನೇ ನನ್ನ ಮೊಮ್ಮಕ್ಕಳು ಈ ಮನೆ ನಡೆಸುವುದು” ಎಂದರು ಆಕೆ.

“ಪೇಟೇಲಿ ಹಿಡೀಬಹುದು, ಕಾಡಲ್ಲಿ ಹಿಡಿಯಂಗಿಲ್ಲ, ಇದು ಹೆಂಗೆ?” ಎಂದು ಅಪ್ಪಯ್ಯ ಆ ರಾತ್ರಿ ನನ್ನನ್ನು ಕೇಳಿದರು. ಶಿಪ್ ಕ್ರೀಕ್‌ನದು ಹ್ಯಾಚರಿಯಲ್ಲಿ, ಅಂದರೆ ಮೊಟ್ಟೆಯಿಂದ ಮರಿ ಮಾಡಿಸುವ ಕೇಂದ್ರದಲ್ಲಿ, ಬೆಳೆಸಿ ಬಿಟ್ಟ ಮೀನು, ಕೀನೈಯದು ಕಾಡಿನದು ಎಂದೆ. ಆ ಹ್ಯಾಚರಿಯನ್ನು ಕಣ್ಣಾರೆ ನೋಡಬೇಕು ಎಂದು ಪಟ್ಟು ಹಿಡಿದರು.

ಸೋಮವಾರ: ರಷ್ಯನ್ ರಿವರ್

ರಷ್ಯನ್ ರಿವರ್ ತಿಳಿನೀರಿನ ಸಣ್ಣ ಹೊಳೆ, ಕೀನೈಯನ್ನು ಸೇರುತ್ತದೆ. ಮೊದಲ ಹಂತದ ಸಾಕೈ ಸಾಲ್ಮನ್ ಇಲ್ಲಿಗೆ ಹತ್ತುವುದು ಜೂನ್‌ನಲ್ಲಿ, ಮೀನು ಹಿಡಿಯಲು ಹೊಳೆ ತೆರೆಯುವುದು ಜೂನ್ 11ಕ್ಕೆ. ಅದಕ್ಕೂ ಮೊದಲು ರೇನ್‌ಬೋ ಟ್ರೌಟ್ ಮೊಟ್ಟೆಯಿಡುವ ಕಾಲ, ಆಗ ಯಾರೂ ಮುಟ್ಟುವಂತಿಲ್ಲ. ಸಾಕೈಯನ್ನು ಅಲ್ಲಿನವರು ರೆಡ್ ಎಂದೇ ಕರೆಯುತ್ತಾರೆ.

ಕೀನೈ ನದಿಯ ಆಚೆ ದಡಕ್ಕೆ ಹೋಗಲು ಒಂದು ದೋಣಿಯಿದೆ. ಅದಕ್ಕೆ ಎಂಜಿನ್ ಇಲ್ಲ. ನದಿಗೆ ಅಡ್ಡ ಕಟ್ಟಿದ ಉಕ್ಕಿನ ಹಗ್ಗಕ್ಕೆ ಸಿಕ್ಕಿಸಿ, ದೋಣಿಯನ್ನು ಸ್ವಲ್ಪ ಓರೆ ಮಾಡಿ ಹಿಡಿಯುತ್ತಾರೆ. ಪ್ರವಾಹವೇ ಅದನ್ನು ತಳ್ಳಿಕೊಂಡು ಆಚೆ ಮುಟ್ಟಿಸುತ್ತದೆ. ಮರಳುವಾಗ ಓರೆ ಇನ್ನೊಂದು ಕಡೆಗೆ. ಅಪ್ಪಯ್ಯ ಆಚೆ ಇಳಿದ ಮೇಲೂ ದೋಣಿ ಎರಡು ಸಲ ಹೋಗಿ ಬರುವುದನ್ನು ನೋಡುತ್ತಾ ನಿಂತರು.

ಇಲ್ಲಿ ಎರೆ ಇಲ್ಲ. ಕೊಕ್ಕೆಗೆ ಕೂದಲು ಕಟ್ಟಿದ, ಫ್ಲೈ ಎಂಬ ಗಾಳ ಮಾತ್ರ, ಅದರಿಂದ ಕನಿಷ್ಠ 18 ಅಂಗುಲ ಮೇಲೆ ಸೀಸದ ಗುಂಡು. ಮೊಣಕಾಲುದ್ದ ನೀರಿನಲ್ಲಿ ನಿಂತು ಮೇಲ್ಗಡೆಗೆ ಬೀಸಬೇಕು. ಸೀಸ ತಳದ ಕಲ್ಲಿಗೆ ತಟ್ಟಿ ತಟ್ಟಿ ಉರುಳಿಕೊಂಡು ಬರುತ್ತದೆ. ಆ ತಟ್ಟುವಿಕೆ ಬೆರಳಿಗೆ ತಿಳಿಯುತ್ತಿರಬೇಕು, ತಟ್ಟಿದ್ದು ನಿಂತಿತೆಂದರೆ ಎಳೆಯಬೇಕು. ದಡಕ್ಕೆ ಹತ್ತಿರದ ನಿಧಾನದ ನೀರಿನಲ್ಲೇ ಸಾಕೈ ಏರುವುದು, ಹಾಗಾಗಿ ದೂರ ಬೀಸಿ ಪ್ರಯೋಜನವಿಲ್ಲ. ಕೊಕ್ಕೆ ಬಾಯಿಗೇ ಸಿಕ್ಕಿರಬೇಕು. ಬೆನ್ನಿಗೋ ರೆಕ್ಕೆಗೋ ಸಿಕ್ಕಿದ್ದನ್ನು ಬಿಡಲೇಬೇಕು. ನನಗೆ ಮೊದಲು ಸಿಕ್ಕಿದ ಮೀನು ಬೆನ್ನಿನ ರೆಕ್ಕೆಗೆ ಸಿಕ್ಕಿತ್ತು. ನೀರಿನಿಂದ ಎತ್ತದೆಯೇ ಇಕ್ಕಳದಲ್ಲಿ ಕೊಕ್ಕೆ ಬಿಡಿಸಿದೆ. ಅದು ಎರಡು ಕ್ಷಣ ಕಾಲ ಬಳಿಯೇ ನಿಂತಿದ್ದು ಆಮೇಲೆ ಹೊರಟಿತು.

ಪಕ್ಕದಲ್ಲಿ ಒಬ್ಬ ತಾಯಿ ಇಬ್ಬರು ಮಕ್ಕಳಿಗೆ ಸಾಲ್ಮನ್ ಪಾಠ ಹೇಳುತ್ತಿದ್ದರು. ಅಲಾಸ್ಕಾದ ಐದು ಸಾಲ್ಮನ್‌ಗಳನ್ನು ಅಲ್ಲಿನ ಮಕ್ಕಳು ಬೆರಳಲ್ಲಿ ಕಲಿಯುತ್ತಾರೆ: ಹೆಬ್ಬೆರಳು ಚಮ್, ತೋರುಬೆರಳು ಸಾಕೈ, ಎಲ್ಲಕ್ಕಿಂತ ಉದ್ದದ ನಡುಬೆರಳು ಕಿಂಗ್, ಉಂಗುರದ ಬೆರಳು ಸಿಲ್ವರ್, ಕಿರುಬೆರಳು ಪಿಂಕ್. ಅಪ್ಪಯ್ಯ ಆ ಮಕ್ಕಳ ಜೊತೆ ಎರಡು ಸಲ ಒಪ್ಪಿಸಿ ಗಟ್ಟಿ ಮಾಡಿಕೊಂಡರು.

ಮಧ್ಯಾಹ್ನದ ಹೊತ್ತಿಗೆ ಮೇಲ್ಗಡೆಯಿಂದ “ಬೇರ್!” ಎಂಬ ಕೂಗು ಸಾಲುಸಾಲಾಗಿ ಇಳಿದು ಬಂತು. ಕಂದು ಕರಡಿಯೊಂದು ಆಚೆ ದಡದ ಪೊದೆಯಿಂದ ಹೊಳೆಗಿಳಿಯಿತು. ಎಲ್ಲರೂ ಗಾಳ ಸುತ್ತಿ, ಮೀನಿನ ಚೀಲ ಕೈಗೆತ್ತಿಕೊಂಡು, ಗುಂಪಾಗಿ ಹಿಂದೆ ಸರಿದರು. ಯಾರೂ ಓಡಲಿಲ್ಲ. ಯಾರೋ ಒಬ್ಬರ ಮೀನಿನ ಸರ ನೀರಿನಲ್ಲೇ ಉಳಿದಿತ್ತು. ಕರಡಿ ಅದನ್ನು ಬಾಯಲ್ಲಿ ಕಚ್ಚಿಕೊಂಡು ಅವಸರವಿಲ್ಲದೆ ಕಾಡಿಗೆ ಹೋಯಿತು. ಇಲ್ಲಿ ಮೀನು, ಊಟದ ಚೀಲ ಯಾವುದನ್ನೂ ಕೈಗೆಟುಕದಷ್ಟು ದೂರ ಇಡಬಾರದು. ಮೀನು ಶುಚಿ ಮಾಡಿದ ಮೇಲೆ ಉಳಿದ ಮುಳ್ಳಿನ ಗೂಡನ್ನು ಸಣ್ಣ ತುಂಡು ಮಾಡಿ ರಭಸದ ನೀರಿಗೇ ಎಸೆಯಬೇಕು. ದಡದಲ್ಲಿ ಬಿಟ್ಟರೆ ಕರಡಿ ಮನುಷ್ಯರ ಹತ್ತಿರ ಬರಲು ಕಲಿಯುತ್ತದೆ, ಕಲಿತ ಕರಡಿಯನ್ನು ಕೊಲ್ಲಬೇಕಾಗುತ್ತದೆ.

ಸಾಕೈ ದಿನಕ್ಕೆ ಒಬ್ಬರಿಗೆ ಮೂರು. ಅಪ್ಪಯ್ಯನಿಗೆ ಮೂರೂ ಸಿಕ್ಕಿದವು. ಮೂರನೆಯದು ಸಿಕ್ಕಾಗ ಸಂಜೆಗೆ ಇನ್ನೂ ಬಹಳ ಹೊತ್ತಿತ್ತು, ಅವರ ಕಾಲ ಸಂದಿಯಲ್ಲೇ ಮೀನು ಹತ್ತುತ್ತಿದ್ದವು. ರಾಡು ಮಡಚಿ ಕಲ್ಲಿನ ಮೇಲೆ ಕೂತರು.

ಮಂಗಳವಾರ: ಜಲಪಾತ

ಕ್ಯಾಂಪ್‌ಗ್ರೌಂಡ್‌ನಿಂದ ಎರಡು ಮೈಲಿ ಚಿಲ್ಲರೆ ನಡೆದರೆ ರಷ್ಯನ್ ರಿವರ್ ಜಲಪಾತ. ದಾರಿ ಅಗಲ, ಏರು ಕಡಿಮೆ, ಅಪ್ಪಯ್ಯನ ವಯಸ್ಸಿನವರಿಗೂ ಕಷ್ಟವಿಲ್ಲ. ಕರಡಿಗೆ ಕೇಳಲೆಂದು ಮಾತಾಡುತ್ತಲೇ ನಡೆಯಬೇಕು, ಅದು ನಮಗೆ ತೊಂದರೆಯಾಗಲಿಲ್ಲ. ನಡುವೆ ಅಪ್ಪಯ್ಯ ದೊಡ್ಡ ಎಲೆಯ, ಬಿಳಿ ಹೂಗೊಂಚಲಿನ ಗಿಡವೊಂದರ ದಂಟು ಮುರಿದು ನೋಡಿದರು. ಅದು ಕೌ ಪಾರ್ಸ್‌ನಿಪ್. ಅದರ ರಸ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟ ಗುಳ್ಳೆ ಏಳುತ್ತದೆ. ಎದುರಿಗೆ ಬಂದವರು ನೋಡಿ ಕೂಡಲೇ ಕೈ ತೊಳೆಸಿ, ತೋಳು ಮುಚ್ಚಿಸಿದರು. ಆದರೂ ಮರುದಿನ ಮಣಿಕಟ್ಟಿನ ಹತ್ತಿರ ಎರಡು ಗುಳ್ಳೆ ಎದ್ದೇಬಿಟ್ಟವು. ಜೂನ್‌ನಲ್ಲಿ ಅಲ್ಲಿನ ಕಾಲುದಾರಿಗಳಲ್ಲಿ ಉದ್ದ ತೋಳಿನ ಅಂಗಿಯೇ ಲೇಸು.

ಜಲಪಾತದ ಹತ್ತಿರ ಮೀನು ಹಿಡಿಯುವಂತಿಲ್ಲ, ನೋಡಲು ಮರದ ಕಟ್ಟೆ ಮಾಡಿದ್ದಾರೆ. ನೊರೆಯ ಬುಡದಲ್ಲಿ ಸಾಕೈಗಳು ಒತ್ತೊತ್ತಾಗಿ ನಿಂತು, ಒಂದೊಂದೇ ಹಾರುತ್ತಿದ್ದವು. ಬಂಡೆಗೆ ಬಡಿದು ಬೀಳುವುದು, ಮತ್ತೆ ಹಾರುವುದು. ಒಂದು ಮೀನನ್ನು ಅದರ ಬೆನ್ನಿನ ಬಿಳಿ ಗಾಯದಿಂದ ಗುರುತು ಹಿಡಿದುಕೊಂಡೆವು. ಅದು ಹಾರಿತು, ಬಿತ್ತು, ಬಹಳ ಹೊತ್ತು ಕಾಣಲಿಲ್ಲ. ಆಮೇಲೆ ಬದಿಯ ಸಣ್ಣ ಧಾರೆಯಲ್ಲಿ, ಅರ್ಧ ಮೈ ನೀರಿನ ಹೊರಗೇ ಇಟ್ಟುಕೊಂಡು, ಬಾಲ ಬಡಿಯುತ್ತಾ ಏರಿ ಮೇಲಿನ ಮಡುವಿಗೆ ಬಿತ್ತು. ಕಟ್ಟೆಯಲ್ಲಿದ್ದವರೆಲ್ಲ ಚಪ್ಪಾಳೆ ಹೊಡೆದರು.

“ನಾವು ಹತ್ತುವಾಗ್ಲೇ ಹಿಡಿಯೂದು. ಮೊಟ್ಟೆ ತುಂಬಿದ್ದಕ್ಕೇ ಪೈಪೋಟಿ” ಎಂದರು ಅಪ್ಪಯ್ಯ. “ಶೃಂಗೇರೀಲಿ, ಸಿಬ್ಬಲಗುಡ್ಡೇಲಿ ದೇವ್ರ ಮೀನು ಅಂತ ಬಿಡ್ತೀವಿ. ಅದೇ ಮೀನು ಹಳ್ಳಕ್ಕೆ ಬಂದ್ರೆ ಕತ್ತಿ ಹಿಡೀತೀವಿ. ನಾನು ಹುಡುಗ ಇದ್ದಾಗ ಗದ್ದೆ ಬದೀಲಿ ಕೊಡಪಾನ ತುಂಬ್ತಿತ್ತು. ಈಗಿನ ಹುಡುಗ್ರು ರಾತ್ರಿಯೆಲ್ಲ ನೆಂದು ಒಂದು ಸಾರಿಗಾಗೋಷ್ಟು ತಂದ್ರೆ ಹೆಚ್ಚು.” ಕಾರಣ ಹತ್ತುಮೀನು ಬೇಟೆಯೊಂದೇ ಅಲ್ಲ, ಗದ್ದೆಯ ಔಷಧಿ, ಹಳ್ಳಕ್ಕೆ ಕಟ್ಟಿದ ಒಡ್ಡು ಎಲ್ಲವೂ ಇದೆ. ಆದರೆ ಕತ್ತಿ ನಮ್ಮ ಕೈಯಲ್ಲಿರುವುದು ಎಂಬುದು ಅವರ ಮಾತು. ನನಗೂ ಹಾಗೇ ಅನಿಸುತ್ತದೆ.

ಜಲಪಾತದ ಮೇಲೆ, ಕೆಳಗಿನ ರಷ್ಯನ್ ಸರೋವರದ ಬಾಯಲ್ಲಿ, ಹೊಳೆಗೆ ಅಡ್ಡ ತಡಿಕೆ ಕಟ್ಟಿ ಒಂದು ಕಿಂಡಿ ಬಿಟ್ಟಿದ್ದಾರೆ. ಇಲಾಖೆಯವರು ಅಲ್ಲಿ ಹತ್ತುವ ಸಾಕೈಗಳನ್ನು ಎಣಿಸುತ್ತಾರೆ. ಮೊದಲ ಹಂತದಲ್ಲಿ 22,000ದಿಂದ 42,000 ಮೀನು ಮೊಟ್ಟೆಯಿಡಲು ದಾಟಿ ಹೋಗಬೇಕೆಂಬುದು ಗುರಿ. ಲೆಕ್ಕ ದಿನದಿನವೂ ಜಾಲತಾಣಕ್ಕೆ ಬರುತ್ತದೆ. ಕಡಿಮೆಯಾದರೆ ಹೊಳೆ ಮುಚ್ಚುತ್ತಾರೆ, ಹೆಚ್ಚಾದರೆ ಗಾಳದವರ ಪಾಲು ಹೆಚ್ಚಿಸುತ್ತಾರೆ. ಆ ಆದೇಶ ಯಾವ ಹೊತ್ತಿಗೂ ಬರಬಹುದು. ಹಾಗಾಗಿ ಹೊರಡುವ ದಿನ ಬೆಳಿಗ್ಗೆ ಅದನ್ನು ನೋಡದೆ ಯಾರೂ ಗಾಡಿ ಹತ್ತುವುದಿಲ್ಲ. ಅಪ್ಪಯ್ಯ ತಮ್ಮ ಫೋನಿನಲ್ಲಿ ಆ ಪುಟ ಉಳಿಸಿಕೊಂಡರು. ಈಗಲೂ ಊರಿನಿಂದ ಫೋನ್ ಮಾಡಿದಾಗ ಅಂದಿನ ಲೆಕ್ಕ ನನಗಿಂತ ಮೊದಲು ಅವರಿಗೆ ಗೊತ್ತಿರುತ್ತದೆ.

ಬುಧವಾರ: ಹ್ಯಾಚರಿ, ಡಬ್ಬಿ, ಮನೆ

ಆಂಕರೇಜ್‌ಗೆ ಮರಳಿ, ವಿಮಾನಕ್ಕೆ ಮೊದಲು ಅಪ್ಪಯ್ಯನ ಪಟ್ಟು ಪೂರೈಸಲು ವಿಲಿಯಂ ಜಾಕ್ ಹೆರ್ನಾಂಡಿಸ್ ಹ್ಯಾಚರಿಗೆ ಹೋದೆವು. ಶಿಪ್ ಕ್ರೀಕ್ ಪಕ್ಕದಲ್ಲೇ ಇದೆ, 2011ರಲ್ಲಿ ಶುರುವಾದದ್ದು, ನೋಡಲು ಹಣ ಕೊಡಬೇಕಿಲ್ಲ. ಗಾಜಿನಾಚೆ ದೊಡ್ಡ ದೊಡ್ಡ ದುಂಡು ತೊಟ್ಟಿಗಳು, ಒಳಗೆ ಬೆರಳುದ್ದದ ಮರಿಗಳು ಒಂದೇ ದಿಕ್ಕಿಗೆ ಈಜುತ್ತವೆ. ನೀರನ್ನು ಶುದ್ಧ ಮಾಡಿ ಮತ್ತೆ ಮತ್ತೆ ಬಳಸುತ್ತಾರೆ. ಇಲ್ಲಿಂದ ಬಿಟ್ಟ ಕಿಂಗ್ ಮರಿ ಹೊಳೆಯ ವಾಸನೆ ಹಿಡಿದುಕೊಂಡು ಸಮುದ್ರಕ್ಕೆ ಹೋಗಿ, ಕೆಲವು ವರ್ಷ ಬೆಳೆದು, ಅದೇ ವಾಸನೆ ಹುಡುಕಿ ರೈಲ್ವೆ ಯಾರ್ಡಿನ ಪಕ್ಕಕ್ಕೇ ಮರಳುತ್ತದೆ. ಶನಿವಾರ ಕೆರೆಯಲ್ಲಿ ಸಿಕ್ಕಿದಂಥ ಟ್ರೌಟ್‌ಗಳನ್ನು ಬೆಳೆಸುವುದೂ ಇಲ್ಲೇ ಎಂದು ಫಲಕ ಓದಿದ ಅಪ್ಪಯ್ಯ ನನ್ನ ತೋಳು ಹಿಡಿದು ಜಗ್ಗಿದರು. ಕೆರೆಗೆ ಬಿಡುವವನ್ನು ಮರಿ ಮಾಡಲಾಗದಂತೆ ಬೆಳೆಸುತ್ತಾರೆ, ಕಾಡಿನ ಟ್ರೌಟ್ ಜೊತೆ ಬೆರೆತು ತಳಿ ಕೆಡದಿರಲೆಂದು. ಹೊರಗಿನ ಕಟ್ಟೆಯಿಂದ ನೋಡಿದರೆ ಹೊಳೆಯಲ್ಲಿ ಕಿಂಗ್‌ಗಳು, ಕೆಂಪು ತಿರುಗಿದ ಮೈ, ತಳದಲ್ಲಿ ನಿಂತಿದ್ದವು. ಹಿಡಿಯುವ ಜಾಗ ದಾಟಿ ಮೇಲೆ ಬಂದವು.

ಮೀನನ್ನು ಆಂಕರೇಜ್‌ನಲ್ಲೇ ಗಾಳಿ ತೆಗೆದು ಪ್ಯಾಕ್ ಮಾಡಿ ಹೆಪ್ಪುಗಟ್ಟಿಸಿ ಕೊಡುತ್ತಾರೆ. ರಟ್ಟಿನ ಮೀನುಡಬ್ಬಿ 50 ಪೌಂಡ್ ಮೀರದಿದ್ದರೆ ಲಗೇಜಿನ ಜೊತೆ ಹೋಗುತ್ತದೆ. ಆ ವಿಮಾನ ನಿಲ್ದಾಣದ ಪಟ್ಟಿಯ ಮೇಲೆ ಸೂಟ್‌ಕೇಸಿಗಿಂತ ಮೀನುಡಬ್ಬಿಗಳೇ ಹೆಚ್ಚು. ಹೆಸರನ್ನು ದಪ್ಪವಾಗಿ, ಮೂರು ಕಡೆ ಬರೆಯಿರಿ.

ಮನೆಗೆ ಬಂದು ಅಮ್ಮ ಅಕ್ಕಿಕಡುಬು ಬೇಯಿಸಿದರು. ಊರಿನಿಂದ ತಂದಿದ್ದ ಒಣ ವಾಟೆಹುಳಿ ಹಾಕಿ ಸಾಕೈ ಸಾರು ಮಾಡಿದೆವು. ಆ ಮೀನಿಗೆ ಗಟ್ಟಿ ಮಾಂಸ, ಕುದಿಸಿದರೂ ಒಡೆಯುವುದಿಲ್ಲ, ಸಾರಿನ ಬಣ್ಣವೇ ಕೆಂಪಾಗುತ್ತದೆ. ಟ್ರೌಟ್‌ಗೆ ಸಾರು ಬೇಡ, ಮೈಗೆ ಗೀರು ಹಾಕಿ ಖಾರ ಸವರಿ ರವೆಯಲ್ಲಿ ಹೊರಳಿಸಿ ಹುರಿಯಬೇಕು. ಕಿಂಗ್ ಸಿಕ್ಕಿದವರು ಅದಕ್ಕೆ ಮಸಾಲೆ ಹಚ್ಚಲೇಬೇಡಿ. ಅದರ ಕೊಬ್ಬಿಗೆ ಉಪ್ಪು, ಕೆಂಡ ಎರಡೇ ಸಾಕು. ತಲೆಯನ್ನಂತೂ ಯಾರೂ ಎಸೆಯಬಾರದು.